ಸಫಾರಿಗಿಂತ ಮೊದಲು ಕೆರೆಯ ದಂಡೆ

ಏಪ್ರಿಲ್ ಬಂತೆಂದರೆ ಬೆಂಗಳೂರಿನಲ್ಲಿ ಬೇಸಿಗೆ ಶಿಬಿರಗಳ ಸುಗ್ಗಿ. ಈಜು, ಚಿತ್ರಕಲೆ, ವೇದಗಣಿತ, ರೊಬೊಟಿಕ್ಸ್‌ಗಳ ಸಾಲಿಗೆ ಈಗ ಮಕ್ಕಳಿಗಾಗಿ ವನ್ಯಜೀವಿ ಛಾಯಾಗ್ರಹಣ ಎಂಬುದೂ ಸೇರಿಕೊಂಡಿದೆ. ಕಾಡಿನಂಚಿನ ರೆಸಾರ್ಟಿನಲ್ಲಿ ಎರಡು ದಿನದ ವಾಸ, ಜೀಪಿನಲ್ಲಿ ಸುತ್ತಾಟ, ಬಾಡಿಗೆಗೆ ಉದ್ದನೆಯ ಲೆನ್ಸು, ಕೊನೆಗೊಂದು ಪ್ರಮಾಣಪತ್ರ. ಮಕ್ಕಳನ್ನು ಪ್ರಕೃತಿಯ ಬಳಿಗೆ ಒಯ್ಯುವ ಯಾವ ಪ್ರಯತ್ನವನ್ನೂ ನಾನು ಹಗುರವಾಗಿ ಕಾಣಲಾರೆ. ಆದರೆ ಹುಲಿ ಕಂಡರೆ ಪ್ರವಾಸ ಸಾರ್ಥಕ, ಕಾಣದಿದ್ದರೆ ಹಣ ದಂಡ ಎಂಬ ಲೆಕ್ಕಾಚಾರ ಹತ್ತು ವರ್ಷದ ಮಗುವಿನ ತಲೆಗೂ ಇಳಿಯುತ್ತಿರುವುದನ್ನು ಕಂಡಾಗ, ನಾವು ಅವರಿಗೆ ತೋರಿಸುತ್ತಿರುವುದು ಪ್ರಕೃತಿಯನ್ನೋ ಪ್ರದರ್ಶನವನ್ನೋ ಎಂಬ ಪ್ರಶ್ನೆ ಏಳುತ್ತದೆ. ಮನೆಯೆದುರಿನ ಹೊಂಗೆ ಯಾವಾಗ ಚಿಗುರಿತು ಎಂದು ಅದೇ ಮಗುವನ್ನು ಕೇಳಿದರೆ ಉತ್ತರ ಸಿಗುವುದಿಲ್ಲ.

ಇದು ನಮ್ಮ ಊರಿನ ಮಕ್ಕಳದ್ದಷ್ಟೇ ಕೊರತೆಯಲ್ಲ. ಕೇಂಬ್ರಿಜ್‌ನ ಸಂಶೋಧಕರು ಬ್ರಿಟನ್ನಿನ ಶಾಲಾ ಮಕ್ಕಳಿಗೆ ಎರಡು ಬಗೆಯ ಚಿತ್ರಗಳನ್ನು ತೋರಿಸಿ ನಡೆಸಿದ ಅಧ್ಯಯನವೊಂದು 2002ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಎಂಟು ವರ್ಷದ ಮಕ್ಕಳು ಪೋಕೆಮಾನ್ ಆಟದ ಕಾಲ್ಪನಿಕ ಜೀವಿಗಳಲ್ಲಿ ಶೇ 80ರ ಸಮೀಪದಷ್ಟನ್ನು ಸರಿಯಾಗಿ ಗುರುತಿಸಿದರು. ತಮ್ಮ ಸುತ್ತಲಿನ ಸಾಮಾನ್ಯ ಗಿಡ, ಹಕ್ಕಿ, ಕೀಟಗಳಲ್ಲಿ ಸುಮಾರು ಅರ್ಧದಷ್ಟನ್ನು ಮಾತ್ರ ಗುರುತಿಸಿದರು. ಮಕ್ಕಳ ಕಲಿಯುವ ಶಕ್ತಿಗೆ ಕೊರತೆಯಿಲ್ಲ, ಅದಕ್ಕೆ ನಾವು ಒದಗಿಸುತ್ತಿರುವ ಸರಕು ಬೇರೆ ಎಂಬುದು ಇದರ ತಾತ್ಪರ್ಯ. ನಮ್ಮಲ್ಲಿ ಇದರ ಜೊತೆಗೆ ಭಾಷೆಯ ನಷ್ಟವೂ ಇದೆ. ಮಡಿವಾಳ ಹಕ್ಕಿ, ಸೂರಕ್ಕಿ, ಟುವ್ವಿ, ಗೀಜಗ, ಹೆಜ್ಜಾರ್ಲೆ ಎಂಬ ಹೆಸರುಗಳು ನಿಘಂಟಿನಲ್ಲಿ ಉಳಿದರೆ ಸಾಲದು. ಹಕ್ಕಿಯನ್ನು ಕಾಣದ ತಲೆಮಾರಿಗೆ ಅದರ ಹೆಸರಿನ ಅಗತ್ಯವೂ ಇರುವುದಿಲ್ಲ.

ಹಾಗಾದರೆ ಮಕ್ಕಳ ಕೈಗೆ ಕ್ಯಾಮೆರಾ ಕೊಡುವುದು ಪರಿಹಾರವೇ? ಈಗಾಗಲೇ ಪರದೆಗೆ ಅಂಟಿಕೊಂಡಿರುವ ಮಗುವಿಗೆ ಇನ್ನೊಂದು ಪರದೆಯೇಕೆ ಎಂದು ಪೋಷಕರು ಕೇಳುವುದು ಸಹಜ. ಈ ಆಕ್ಷೇಪಕ್ಕೆ ಆಧಾರವೂ ಇದೆ. ಅಮೆರಿಕದ ಮನೋವಿಜ್ಞಾನಿ ಲಿಂಡಾ ಹೆಂಕೆಲ್ ವಸ್ತುಸಂಗ್ರಹಾಲಯವೊಂದರಲ್ಲಿ ನಡೆಸಿ 2014ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ವಸ್ತುಗಳ ಫೋಟೊ ತೆಗೆದವರು ಸುಮ್ಮನೆ ನೋಡಿದವರಿಗಿಂತ ಕಡಿಮೆ ನೆನಪಿಟ್ಟುಕೊಂಡಿದ್ದರು. ನೆನಪಿಡುವ ಕೆಲಸವನ್ನು ಮನಸ್ಸು ಯಂತ್ರಕ್ಕೆ ಒಪ್ಪಿಸಿಬಿಟ್ಟಿತ್ತು. ಆದರೆ ಅದೇ ಪ್ರಯೋಗದ ಇನ್ನೊಂದು ಭಾಗ ಅಷ್ಟಾಗಿ ಪ್ರಚಾರ ಪಡೆಯಲಿಲ್ಲ. ವಸ್ತುವಿನ ಯಾವುದಾದರೂ ಒಂದು ಭಾಗವನ್ನು ಹತ್ತಿರಕ್ಕೆ ತಂದುಕೊಂಡು ಚಿತ್ರ ತೆಗೆದವರ ನೆನಪು ಮಾಸಿರಲಿಲ್ಲ. ಚೌಕಟ್ಟಿನಾಚೆ ಉಳಿದ ಭಾಗಗಳೂ ಅವರ ನೆನಪಿನಲ್ಲಿದ್ದವು.

ಮಕ್ಕಳ ವಿಷಯದಲ್ಲಿ ನಾವು ಹಿಡಿಯಬೇಕಾದ ಎಳೆ ಇದು. ಕಂಡದ್ದನ್ನೆಲ್ಲ ಕ್ಲಿಕ್ಕಿಸುವ ಕ್ಯಾಮೆರಾ ಕಣ್ಣನ್ನು ಮಂಕಾಗಿಸುತ್ತದೆ. ಒಂದರ ಮುಂದೆ ನಿಲ್ಲಿಸುವ ಕ್ಯಾಮೆರಾ ಕಣ್ಣನ್ನು ಹರಿತಗೊಳಿಸುತ್ತದೆ. ನಿವೃತ್ತನಾದ ಮೇಲೆ ನಮ್ಮ ಬಡಾವಣೆಯ ಏಳೆಂಟು ಮಕ್ಕಳೊಂದಿಗೆ ಭಾನುವಾರ ಬೆಳಿಗ್ಗೆ ಸಮೀಪದ ಕೆರೆಗೆ ಹೋಗುವುದನ್ನು ರೂಢಿ ಮಾಡಿಕೊಂಡಿದ್ದೇನೆ. ನಮ್ಮಲ್ಲಿರುವುದು ಮನೆಯವರ ಹಳೆಯ ಮೊಬೈಲುಗಳು ಮಾತ್ರ. ಒಬ್ಬರಿಗೆ ದಿನಕ್ಕೆ ಐದೇ ಚಿತ್ರ ಎಂಬುದು ನಿಯಮ. ಐದೇ ಎಂದಾಗ ಮಗು ಯಾವುದನ್ನು ತೆಗೆಯಬೇಕು, ಯಾವುದನ್ನು ಬಿಡಬೇಕು ಎಂದು ಯೋಚಿಸುತ್ತದೆ. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದ ನನಗೆ ಇದರಲ್ಲಿ ಅಚ್ಚರಿಯಿಲ್ಲ. ಕೊರತೆಯಿದ್ದಲ್ಲಿ ಮಾತ್ರ ಆಯ್ಕೆಗೆ ಅರ್ಥ ಬರುತ್ತದೆ. ಮೂವತ್ತಾರು ಚಿತ್ರಗಳ ಫಿಲ್ಮ್ ಸುರುಳಿಯ ಕಾಲದಲ್ಲಿ ಈ ಶಿಸ್ತು ತಾನಾಗಿಯೇ ಇತ್ತು. ಈಗ ಅದನ್ನು ನಾವೇ ವಿಧಿಸಿಕೊಳ್ಳಬೇಕಾಗಿದೆ.

ಆ ಮಕ್ಕಳಲ್ಲಿ ಏಳನೆಯ ತರಗತಿಯ ಬಾಲಕಿಯೊಬ್ಬಳು ಕಳೆದ ವರ್ಷ ಕೆರೆಯ ಹಕ್ಕಿಗಳನ್ನು ಬಿಟ್ಟು ತನ್ನ ಮನೆಯ ಬಾಲ್ಕನಿಯ ಕರಿಬೇವಿನ ಗಿಡಕ್ಕೆ ಗಂಟುಬಿದ್ದಳು. ಎಲೆಯ ಮೇಲೆ ಹಕ್ಕಿಯ ಹಿಕ್ಕೆಯಂತೆ ಕಂಡದ್ದು ಮರುದಿನ ಅಲ್ಲಿಂದ ಅರ್ಧ ಅಂಗುಲ ಸರಿದಿತ್ತು. ಅದು ನಿಂಬೆ ಚಿಟ್ಟೆಯ ಎಳೆಯ ಮರಿ. ಶತ್ರುಗಳ ಕಣ್ಣಿಗೆ ಹೇಸಿಗೆಯಂತೆ ಕಾಣುವುದೇ ಅದರ ರಕ್ಷಾಕವಚ. ಬೆಳೆದಂತೆ ಅದು ಎಲೆಯಷ್ಟೇ ಹಸಿರಾಗಿ, ಕಡ್ಡಿಗೆ ರೇಷ್ಮೆಯ ಎಳೆಯಿಂದ ತನ್ನನ್ನು ಬಿಗಿದುಕೊಂಡು ಕೋಶವಾಗಿ, ಕೊನೆಗೊಂದು ಬೆಳಿಗ್ಗೆ ರೆಕ್ಕೆ ಒಣಗಿಸಿಕೊಂಡು ಹಾರಿಹೋಯಿತು. ಹುಳು ತಿಂದ ಗಿಡಕ್ಕೆ ಔಷಧ ಹೊಡೆಯಹೊರಟ ಅಜ್ಜಿಯನ್ನು ಮೊಮ್ಮಗಳು ತಡೆದಳಂತೆ. ಕೆಲವೇ ವಾರಗಳ ಈ ಕಾವಲಿಗೆ ಆದ ಖರ್ಚು ಹತ್ತಿಪ್ಪತ್ತು ಎಲೆ ಕರಿಬೇವು. ಯಾವ ರೆಸಾರ್ಟೂ ಕೊಡಲಾಗದ ಪಾಠವದು.

ಉಪಕರಣ ಎಷ್ಟೇ ಒಳ್ಳೆಯದಿರಲಿ, ಮಗುವಿನ ಪ್ರಶ್ನೆಗೆ ಕಿವಿಗೊಡುವ ಹಿರಿಯರೊಬ್ಬರು ಬೇಕು. ಪಕ್ಷಿತಜ್ಞ ಸಲೀಂ ಅಲಿ (1896–1987) ಬಾಲ್ಯದಲ್ಲಿ ಆಟದ ಬಂದೂಕಿನಿಂದ ಹೊಡೆದುರುಳಿಸಿದ ಗುಬ್ಬಿಯ ಕೊರಳಲ್ಲಿ ಹಳದಿ ಮಚ್ಚೆಯಿತ್ತು. ಅದೇನೆಂದು ತಿಳಿಯಲು ಹುಡುಗ ಮುಂಬೈಯ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಹೋದ. ಅಲ್ಲಿನ ಕಾರ್ಯದರ್ಶಿ ಮಿಲಾರ್ಡ್ ಅವನನ್ನು ಗದರಿ ಕಳಿಸದೆ, ಹಕ್ಕಿಯ ಹೆಸರು ಹೇಳಿ, ಸಂಗ್ರಹದ ಪೆಟ್ಟಿಗೆಗಳನ್ನು ತೆರೆದು ತೋರಿಸಿದರು. ದೇಶಕ್ಕೊಬ್ಬ ಪಕ್ಷಿತಜ್ಞ ದೊರೆತದ್ದು ಆ ಸಹನೆಯಿಂದ. ಕರ್ನಾಟಕದಲ್ಲಿಯೂ ಈ ಪರಂಪರೆ ಬಡವಾಗಿಲ್ಲ. ಮೂಡಿಗೆರೆಯ ತೋಟದಲ್ಲಿದ್ದುಕೊಂಡು ಹಕ್ಕಿಗಳ ಹಿಂದೆ ಕ್ಯಾಮೆರಾ ಹಿಡಿದು ಅಲೆದ ಪೂರ್ಣಚಂದ್ರ ತೇಜಸ್ವಿ ಆ ಚಿತ್ರಗಳನ್ನು ಕನ್ನಡದ ಪುಸ್ತಕಗಳಾಗಿಸಿದರು. 1970ರ ದಶಕದಲ್ಲಿ ರಾಜ್ಯದ ಹಣಕಾಸು ಖಾತೆಯನ್ನು ನಿರ್ವಹಿಸಿದ ಸಂಡೂರಿನ ಎಂ.ವೈ. ಘೋರ್ಪಡೆ ವನ್ಯಜೀವಿ ಛಾಯಾಗ್ರಾಹಕರಾಗಿಯೂ ಹೆಸರಾದವರು. ಆಯವ್ಯಯದ ಕಡತಕ್ಕೂ ಕಾಡಿನ ಕುತೂಹಲಕ್ಕೂ ವಿರೋಧವಿಲ್ಲ ಎಂಬುದಕ್ಕೆ ನಮ್ಮ ಅಧಿಕಾರಿಗಳು ಬೇರೆಲ್ಲೂ ಉದಾಹರಣೆ ಹುಡುಕಬೇಕಾಗಿಲ್ಲ.

ಬಯಲಿಗೆ ಹೋಗುವುದರ ಪ್ರಯೋಜನ ಮನಸ್ಸಿಗಷ್ಟೇ ಸೀಮಿತವಲ್ಲ. ಚೀನಾದ ಗುವಾಂಗ್‌ಝೌ ನಗರದ 12 ಶಾಲೆಗಳಲ್ಲಿ ಒಂದನೆಯ ತರಗತಿಯ ಮಕ್ಕಳ ಮೇಲೆ ಮೂರು ವರ್ಷ ನಡೆದ ಪ್ರಯೋಗದ ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ಅರ್ಧದಷ್ಟು ಶಾಲೆಗಳಲ್ಲಿ ದಿನಕ್ಕೆ 40 ನಿಮಿಷಗಳ ಹೊರಾಂಗಣ ಅವಧಿಯೊಂದನ್ನು ಹೆಚ್ಚುವರಿಯಾಗಿ ಸೇರಿಸಲಾಗಿತ್ತು. ಮೂರು ವರ್ಷಗಳ ಬಳಿಕ ಆ ಶಾಲೆಗಳಲ್ಲಿ ಶೇ 30.4ರಷ್ಟು ಮಕ್ಕಳಿಗೆ ಸಮೀಪದೃಷ್ಟಿ ದೋಷ ಬಂದಿದ್ದರೆ, ಉಳಿದ ಶಾಲೆಗಳಲ್ಲಿ ಅದು ಶೇ 39.5ರಷ್ಟಿತ್ತು. ಪ್ರಾಥಮಿಕ ಶಾಲೆಯಲ್ಲಿಯೇ ಕನ್ನಡಕ ಏರಿಸಿಕೊಂಡ ಮಕ್ಕಳು ಹೆಚ್ಚುತ್ತಿರುವ ನಗರಕ್ಕೆ, ಕೇವಲ ವೇಳಾಪಟ್ಟಿಯ ಬದಲಾವಣೆಯಿಂದ ಸಾಧಿಸಬಹುದಾದ ಇಂಥ ಲಾಭ ಅಲ್ಪವಲ್ಲ.

ಕಾನೂನು ಮತ್ತು ಯೋಜನೆಗಳ ಕೊರತೆಯೂ ನಮಗಿಲ್ಲ. ಪರಿಸರ ಶಿಕ್ಷಣ ಕಡ್ಡಾಯವಾಗಬೇಕೆಂದು ಎಂ.ಸಿ. ಮೆಹ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು 1991ರಲ್ಲಿ. ಕೇಂದ್ರ ಸರ್ಕಾರ ರಾಷ್ಟ್ರೀಯ ಹಸಿರು ಪಡೆಯ ಹೆಸರಿನಲ್ಲಿ ಶಾಲೆಗಳಲ್ಲಿ ಇಕೋ ಕ್ಲಬ್‌ಗಳನ್ನು ಆರಂಭಿಸಿದ್ದು 2001–02ರಲ್ಲಿ. ಸರ್ಕಾರಿ ಶಾಲೆಗಳ ಮಕ್ಕಳನ್ನು ಕಾಡಿಗೆ ಕರೆದೊಯ್ಯುವ ಅರಣ್ಯ ಇಲಾಖೆಯ ‘ಚಿಣ್ಣರ ವನ ದರ್ಶನ’ವೂ ಬಂದಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ 6ರಿಂದ 8ನೆಯ ತರಗತಿಯ ಮಕ್ಕಳಿಗೆ ಹತ್ತು ಚೀಲರಹಿತ ದಿನಗಳನ್ನು ಸೂಚಿಸಿದೆ. ಆ ನೀತಿಯ ಬಗ್ಗೆ ರಾಜ್ಯದ ತಕರಾರುಗಳೇನೇ ಇರಲಿ, ತಿಂಗಳಿಗೊಮ್ಮೆ ಚೀಲವಿಲ್ಲದ ‘ಸಂಭ್ರಮ ಶನಿವಾರ’ದ ಕಲ್ಪನೆಯನ್ನು ನಮ್ಮ ಶಿಕ್ಷಣ ಇಲಾಖೆಯೂ ಒಪ್ಪಿಕೊಂಡಿದೆ.

ಎಡವಟ್ಟು ಇರುವುದು ಅನುಷ್ಠಾನದಲ್ಲಿ. ಸೇವೆಯಲ್ಲಿದ್ದಾಗ ಜಿಲ್ಲೆಯೊಂದರಲ್ಲಿ ಇಂಥ ಕಾರ್ಯಕ್ರಮಗಳ ಪ್ರಗತಿ ವರದಿಗಳು ನನ್ನ ಮೇಜಿಗೆ ಬರುತ್ತಿದ್ದವು. ನೆಟ್ಟ ಸಸಿಗಳೆಷ್ಟು, ನಡೆಸಿದ ಜಾಥಾಗಳೆಷ್ಟು, ಪ್ರಬಂಧ ಸ್ಪರ್ಧೆಯಲ್ಲಿ ಭಾಗವಹಿಸಿದವರೆಷ್ಟು ಎಂಬುದಕ್ಕೆಲ್ಲ ಕಾಲಂಗಳಿದ್ದವು. ಮಕ್ಕಳು ಏನನ್ನು ನೋಡಿದರು ಎಂಬುದಕ್ಕೆ ಕಾಲಂ ಇರಲಿಲ್ಲ. ಕಾಲಂ ಇಲ್ಲದ ಕೆಲಸವನ್ನು ಯಾವ ಇಲಾಖೆಯೂ ಮಾಡುವುದಿಲ್ಲ. ಜೂನ್ 5ರಂದು ಸಸಿಯೊಂದಿಗೆ ಫೋಟೊ ತೆಗೆಸಿಕೊಂಡ ಮಕ್ಕಳು ಆಗಸ್ಟ್‌ನಲ್ಲಿ ಆ ಸಸಿಯ ಬಳಿ ಸುಳಿಯುತ್ತಿರಲಿಲ್ಲ.

ಆದ್ದರಿಂದ ನನ್ನ ಸಲಹೆ ಸರಳವಾದುದು. ವರ್ಷಕ್ಕೊಮ್ಮೆ ದೂರದ ಕಾಡಿಗೆ ಹೋಗುವ ಪ್ರವಾಸ ನಡೆಯಲಿ. ಆದರೆ ಅದಕ್ಕೂ ಮೊದಲು ಪ್ರತಿ ಶಾಲೆಯೂ ನಡೆದು ಹೋಗುವಷ್ಟು ದೂರದಲ್ಲಿರುವ ಒಂದು ತಾಣವನ್ನು ತನ್ನದಾಗಿಸಿಕೊಳ್ಳಲಿ. ಕೆರೆಯ ದಂಡೆ, ಗುಂಡುತೋಪು, ಉದ್ಯಾನ, ಏನೂ ಇಲ್ಲದಿದ್ದರೆ ರಸ್ತೆಬದಿಯ ಹತ್ತು ಮರಗಳಾದರೂ ಸರಿ. ವರ್ಷವಿಡೀ ಅದೇ ಜಾಗಕ್ಕೆ, ಹದಿನೈದು ದಿನಕ್ಕೊಮ್ಮೆಯಾದರೂ, ಒಂದು ಗಂಟೆಯ ಭೇಟಿ. ಅದೇ ಮರವನ್ನು ಅದೇ ಕೋನದಿಂದ ಚಿತ್ರಿಸಿ ದಿನಾಂಕ ಬರೆದಿಟ್ಟರೆ, ಎಲೆಯುದುರಿ, ಚಿಗುರಿ, ಹೂಬಿಟ್ಟು, ಕಾಯಾಗುವ ಚಕ್ರ ಪಾಠವಿಲ್ಲದೆಯೇ ಅರ್ಥವಾಗುತ್ತದೆ. ಇದು ಕನಸಿನ ಮಾತಲ್ಲ. 2010ರ ಸುಮಾರಿಗೆ ಬೆಂಗಳೂರಿನಲ್ಲಿ ರೂಪುಗೊಂಡ ‘ಸೀಸನ್‌ವಾಚ್’ ಕಾರ್ಯಕ್ರಮದಲ್ಲಿ ಮಕ್ಕಳು ಒಂದೇ ಮರವನ್ನು ಮತ್ತೆ ಮತ್ತೆ ನೋಡಿ ದಾಖಲಿಸುತ್ತಾರೆ. ಕೇರಳದ ಶಾಲೆಗಳು ಅದನ್ನು ನಮಗಿಂತ ಹೆಚ್ಚಾಗಿ ಬಳಸಿಕೊಂಡಿವೆ. ಮಕ್ಕಳ ಇಂಥ ದಾಖಲೆಗಳು ಹವಾಮಾನ ಬದಲಾವಣೆಯ ಅಧ್ಯಯನಕ್ಕೂ ಸಾಮಗ್ರಿಯಾಗುತ್ತವೆ.

ಖರ್ಚಿನ ಪ್ರಶ್ನೆ ಇಲ್ಲಿ ಅಡ್ಡಬರಲಾರದು. ಗ್ರಾಮೀಣ ಭಾರತದ 14ರಿಂದ 16 ವರ್ಷದ ಮಕ್ಕಳಲ್ಲಿ ಸುಮಾರು ಶೇ 90ರಷ್ಟು ಮಂದಿಯ ಮನೆಗಳಲ್ಲಿ ಸ್ಮಾರ್ಟ್‌ಫೋನ್ ಇದೆಯೆಂದು 2024ರ ‘ಅಸರ್’ ಸಮೀಕ್ಷೆ ಹೇಳಿದೆ. ಶಾಲೆಗೆ ಮೊಬೈಲ್ ತರಿಸಬೇಕೆಂದು ನಾನು ಹೇಳುತ್ತಿಲ್ಲ. ಶಿಕ್ಷಕರ ಒಂದು ಫೋನು, ಮೂವತ್ತು ಮಕ್ಕಳಿಗೆ ಸರದಿ, ಒಂದು ದಾಖಲೆ ಪುಸ್ತಕ, ಇಷ್ಟು ಸಾಕು. ಸರದಿಗಾಗಿ ಕಾಯುವ ಇಪ್ಪತ್ತೊಂಬತ್ತು ಮಕ್ಕಳು ಆ ಹೊತ್ತಿನಲ್ಲಿ ಬರಿಗಣ್ಣಿನಿಂದ ನೋಡುತ್ತಿರುತ್ತಾರೆ, ಅದೂ ಲಾಭವೇ. ಜೊತೆಗೆ ಕೆಲವು ಕಟ್ಟುಪಾಡುಗಳು ಮೊದಲ ದಿನವೇ ಮನದಟ್ಟಾಗಬೇಕು. ಗೂಡಿನ ಹತ್ತಿರ ಸುಳಿಯಬಾರದು, ಚಿತ್ರಕ್ಕಾಗಿ ಹಕ್ಕಿಗೆ ಆಹಾರದ ಆಮಿಷ ಒಡ್ಡಬಾರದು, ಕಲ್ಲೆಸೆದು ಹಾರಿಸಬಾರದು. ಹಿರಿಯರ ಸ್ಪರ್ಧಾ ಛಾಯಾಗ್ರಹಣದಲ್ಲಿ ಈ ಚಾಳಿಗಳಿವೆ. ಮಕ್ಕಳಿಗೆ ಬಹುಮಾನದ ಆಸೆ ಹುಟ್ಟಿಸದಿದ್ದರೆ ಅವು ಅವರಿಗೆ ಅಂಟುವ ಅಪಾಯ ಕಡಿಮೆ.

ನಗರಾಡಳಿತವೂ ಮನಸ್ಸು ಮಾಡಬೇಕು. ಲಕ್ಷಾಂತರ ರೂಪಾಯಿಗಳ ಬೇಲಿ, ನಡಿಗೆ ಪಥ, ದೀಪಗಳನ್ನು ಕಂಡ ನಮ್ಮ ಕೆರೆಗಳು ಮಕ್ಕಳಿಗೆ ಮಾತ್ರ ಸಲೀಸಾಗಿ ತೆರೆದಿಲ್ಲ. ಮಕ್ಕಳು ಬೆಳ್ಳಕ್ಕಿಯತ್ತ ಮೊಬೈಲ್ ಎತ್ತಿದಾಗ, ‘ಫೋಟೊ ತೆಗಿಯಂಗಿಲ್ಲ ಸಾರ್, ಆರ್ಡರ್ ಐತೆ’ ಎಂದು ಕೆರೆಯ ಕಾವಲುಗಾರ ತಡೆದದ್ದುಂಟು. ಆ ಆದೇಶವನ್ನು ತೋರಿಸಿದವರು ಈವರೆಗೆ ಯಾರೂ ಇಲ್ಲ. ಶಾಲಾ ಅವಧಿಯಲ್ಲಿ ಕೆರೆಯ ಗೇಟು ಮುಚ್ಚಿರುವುದೂ ಅಪರೂಪವಲ್ಲ. ಶಾಲೆಯ ಪತ್ರವಿದ್ದರೆ ಯಾವುದೇ ಕೆರೆ, ಉದ್ಯಾನವನ್ನು ಮಕ್ಕಳ ತಂಡಕ್ಕೆ ಉಚಿತವಾಗಿ ತೆರೆಯಬೇಕು, ಛಾಯಾಗ್ರಹಣಕ್ಕೆ ಅಡ್ಡಿಪಡಿಸಬಾರದು ಎಂಬ ಒಂದು ಪುಟದ ಸುತ್ತೋಲೆ ಹೊರಡಿಸಲು ಆಯವ್ಯಯದಲ್ಲಿ ಅನುದಾನ ಬೇಕಿಲ್ಲ.

ಇದು ಮಕ್ಕಳ ಮನರಂಜನೆಯ ವಿಷಯವೆಂದು ಯಾರೂ ತಳ್ಳಿಹಾಕಬಾರದು. ಹೆಸರಘಟ್ಟದ ಹುಲ್ಲುಗಾವಲು ದೀರ್ಘಕಾಲ ಸರ್ಕಾರಿ ದಾಖಲೆಗಳಲ್ಲಿ ಬರೀ ಖಾಲಿ ಜಮೀನಾಗಿತ್ತು. 2011ರಲ್ಲಿ ಲೆಸ್ಸರ್ ಫ್ಲೋರಿಕನ್ ಎಂಬ ಅತ್ಯಂತ ಅಪರೂಪದ ಹಕ್ಕಿ ಅಲ್ಲಿ ಹವ್ಯಾಸಿಗಳ ಕ್ಯಾಮೆರಾಕ್ಕೆ ಸಿಕ್ಕಿತು. ಸಂರಕ್ಷಣೆಯ ಪ್ರಸ್ತಾವವನ್ನು ರಾಜ್ಯ ವನ್ಯಜೀವಿ ಮಂಡಳಿ 2021ರಲ್ಲಿ ತಿರಸ್ಕರಿಸಿದಾಗಲೂ, ಆ ಬಯಲನ್ನು ವರ್ಷಗಟ್ಟಲೆ ನೋಡಿದವರು ಸುಮ್ಮನೆ ಕೂರಲಿಲ್ಲ. 2024ರಲ್ಲಿ ಐದು ಸಾವಿರಕ್ಕೂ ಹೆಚ್ಚು ಎಕರೆಯನ್ನು ಸಂರಕ್ಷಣಾ ಮೀಸಲು ಪ್ರದೇಶವಾಗಿಸಲು ಸರ್ಕಾರ ಒಪ್ಪಿತು. ಮಾರುಕಟ್ಟೆಯಲ್ಲಿ ಬೆಲೆ ಇಲ್ಲದ ಸಂಪತ್ತನ್ನು ಉಳಿಸುವುದು ಅದನ್ನು ಬಲ್ಲ ಜನ ಮಾತ್ರ. ಕಡತಗಳ ನಡುವೆ ಮೂರು ದಶಕ ಕಳೆದ ನಾನು ಕಂಡಿರುವುದೂ ಇದನ್ನೇ: ಯಾರೂ ಕೇಳದ ಕೆರೆ ಸದ್ದಿಲ್ಲದೆ ನಿವೇಶನವಾಗುತ್ತದೆ, ಕೇಳುವವರಿರುವ ಕೆರೆಯ ಕಡತ ಅಷ್ಟು ಸುಲಭವಾಗಿ ಮುಂದೆ ಸರಿಯುವುದಿಲ್ಲ.

ಇನ್ನು ಇಪ್ಪತ್ತು ವರ್ಷಗಳಲ್ಲಿ ಈ ನಗರದ ಕೆರೆ, ತೋಪುಗಳ ಬಗ್ಗೆ ತೀರ್ಮಾನ ಕೈಗೊಳ್ಳುವವರು ಈಗ ಐದನೆಯ, ಆರನೆಯ ತರಗತಿಯಲ್ಲಿದ್ದಾರೆ. ಬರುವ ಶೈಕ್ಷಣಿಕ ವರ್ಷದ ವೇಳಾಪಟ್ಟಿ ಸಿದ್ಧಪಡಿಸುವಾಗ ಮುಖ್ಯೋಪಾಧ್ಯಾಯರು ಅವರಿಗಾಗಿ ಹದಿನೈದು ದಿನಕ್ಕೆ ಒಂದು ಗಂಟೆಯನ್ನು ತೆಗೆದಿಡಲಿ. ಪೋಷಕರು ಭಾನುವಾರದ ಮಾಲ್ ಭೇಟಿಗಳಲ್ಲಿ ಒಂದನ್ನು ಕೆರೆಗೆ ಬಿಟ್ಟುಕೊಡಲಿ. ಕ್ಯಾಮೆರಾ ಹೇಗೂ ಮನೆಯಲ್ಲಿಯೇ ಇದೆ.