ಮುಂಬಯಿಯನ್ನು ಬಳುವಳಿಯಾಗಿ ತಂದ ರಾಣಿ

ಮುಂಬಯಿ ಇಂಗ್ಲಿಷರ ಕೈಸೇರಿದ್ದು ಯುದ್ಧದಿಂದಲ್ಲ, ಒಂದು ಮದುವೆಯಿಂದ. ಪೋರ್ಚುಗಲ್ಲಿನ ರಾಜಕುಮಾರಿಯೊಬ್ಬಳು ಇಂಗ್ಲೆಂಡಿನ ದೊರೆಯ ಕೈಹಿಡಿದಾಗ ಆ ದ್ವೀಪವನ್ನು ವರದಕ್ಷಿಣೆಯಾಗಿ ಕೊಡಲಾಯಿತು ಎಂಬ ವಾಕ್ಯವನ್ನು ಶಾಲೆಯಲ್ಲಿ ಓದದವರು ಕಡಿಮೆ. ಪರೀಕ್ಷೆಯಲ್ಲಿ ಒಂದು ಅಂಕ ಗಳಿಸಲು ಅಷ್ಟು ಸಾಕು. ಆದರೆ ಆ ರಾಜಕುಮಾರಿ ಯಾರು, ಮದುವೆಯ ನಂತರ ಆಕೆಯ ಬಾಳು ಏನಾಯಿತು ಎಂದು ಕೇಳುವವರು ವಿರಳ.

ಆಕೆಯ ಹೆಸರು ಕ್ಯಾಥರೀನ್, ಬ್ರಗಾಂಜಾ ಮನೆತನದವಳು. ಹುಟ್ಟಿದ್ದು 1638ರ ನವೆಂಬರ್ 25ರಂದು, ವಿಲಾ ವಿಸೋಸಾ ಎಂಬ ಊರಿನಲ್ಲಿ. ಆಗ ಅವಳ ತಂದೆ ರಾಜನಾಗಿರಲಿಲ್ಲ. ಡ್ಯೂಕ್ ಪದವಿಯ ಶ್ರೀಮಂತನಾಗಿದ್ದ. ಪೋರ್ಚುಗಲ್ 1580ರಿಂದಲೂ ಸ್ಪೇನಿನ ದೊರೆಗಳ ಆಳ್ವಿಕೆಯಲ್ಲಿತ್ತು. 1640ರ ಡಿಸೆಂಬರ್ 1ರಂದು ಲಿಸ್ಬನ್ನಿನಲ್ಲಿ ದಂಗೆಯಾಯಿತು. ದಂಗೆಯೆದ್ದವರು ಬ್ರಗಾಂಜಾ ಡ್ಯೂಕನನ್ನೇ ನಾಲ್ಕನೇ ಜಾನ್ ಎಂಬ ಹೆಸರಿನಲ್ಲಿ ಪಟ್ಟಕ್ಕೇರಿಸಿದರು. ಎರಡು ವರ್ಷದ ಕೂಸು ಒಂದೇ ದಿನದಲ್ಲಿ ರಾಜಕುಮಾರಿಯಾದಳು.

ಪಟ್ಟವೇರಿದ್ದಾಯಿತು, ಅದನ್ನು ಉಳಿಸಿಕೊಳ್ಳುವುದು ಬೇರೆಯ ಮಾತು. ಸ್ಪೇನ್ ಈ ಸ್ವಾತಂತ್ರ್ಯವನ್ನು ಒಪ್ಪಲಿಲ್ಲ. ಗಡಿಯಲ್ಲಿ ಕಾಳಗ ನಿಲ್ಲಲಿಲ್ಲ. 1656ರಲ್ಲಿ ರಾಜ ತೀರಿಕೊಂಡಾಗ ಮಗ ಆರನೇ ಅಫೊನ್ಸೊ ಇನ್ನೂ ಬಾಲಕ. ತಾಯಿ ಲೂಯಿಸಾ ಮಗನ ಪರವಾಗಿ ರಾಜ್ಯಭಾರ ವಹಿಸಿಕೊಂಡಳು. ಆಕೆ ಹುಟ್ಟಿನಿಂದ ಸ್ಪೇನಿನವಳು. ಆದರೂ ಗಂಡನ ಮನೆಯ ಸಿಂಹಾಸನವನ್ನು ತವರಿನ ಸೈನ್ಯದಿಂದ ಕಾಪಾಡುವ ಭಾರ ಅವಳ ಹೆಗಲಿಗೇ ಬಿತ್ತು. 1659ರಲ್ಲಿ ಫ್ರಾನ್ಸ್ ಸ್ಪೇನಿನೊಡನೆ ರಾಜಿ ಮಾಡಿಕೊಂಡ ಮೇಲಂತೂ ಪೋರ್ಚುಗಲ್ ಒಂಟಿಯಾಯಿತು.

ಮರುವರ್ಷವೇ ಇಂಗ್ಲೆಂಡಿನಲ್ಲಿ ಗಾಳಿ ಬದಲಾಯಿತು. ತಂದೆಯ ಶಿರಚ್ಛೇದವಾದ ಮೇಲೆ ಪರದೇಶಗಳಲ್ಲಿ ಅಲೆದಿದ್ದ ಎರಡನೇ ಚಾರ್ಲ್ಸ್ ಮರಳಿ ಬಂದು ಗದ್ದುಗೆ ಏರಿದ. ಅವನಿಗೆ ಕಿರೀಟವಿತ್ತು, ಬೊಕ್ಕಸ ಬರಿದಾಗಿತ್ತು. ಲೂಯಿಸಾಳಿಗೆ ಸೈನ್ಯ ಬೇಕು, ಚಾರ್ಲ್ಸನಿಗೆ ಹಣ ಬೇಕು. ನಡುವೆ ಇಪ್ಪತ್ತೆರಡರ ಮದುವೆಯಾಗದ ಮಗಳಿದ್ದಳು.

1661ರ ಜೂನ್ ತಿಂಗಳಲ್ಲಿ ಒಪ್ಪಂದವಾಯಿತು. ಪೋರ್ಚುಗಲ್ ಕೊಡಬೇಕಾದದ್ದು ಇಪ್ಪತ್ತು ಲಕ್ಷ ಕ್ರುಸಾಡೊ ನಾಣ್ಯ, ಅಂದರೆ ಸುಮಾರು ಮೂರು ಲಕ್ಷ ಪೌಂಡು; ಉತ್ತರ ಆಫ್ರಿಕದ ತಾಂಜೀರ್ ಬಂದರು; ಭಾರತದ ಮುಂಬಯಿ ದ್ವೀಪ; ಬ್ರೆಜಿಲ್ ಮತ್ತು ಪೂರ್ವ ದೇಶಗಳಲ್ಲಿ ವ್ಯಾಪಾರದ ಸವಲತ್ತು. ಇಂಗ್ಲೆಂಡ್ ಕೊಡಬೇಕಾದದ್ದು ಎರಡು ಸಾವಿರ ಕಾಲಾಳು, ಒಂದು ಸಾವಿರ ಕುದುರೆ ಸವಾರರು, ಹಡಗುಗಳು. ಜೊತೆಗೆ ವಧುವಿಗೆ ತನ್ನ ಕ್ಯಾಥೊಲಿಕ್ ಧರ್ಮದಂತೆ ನಡೆಯುವ ಸ್ವಾತಂತ್ರ್ಯ.

ಕರೆದೊಯ್ಯಲು ಹಡಗುಗಳು ಬಂದಾಗ ತಾಯಿಯ ಬಳಿ ಅರ್ಧ ಹಣವೂ ನಗದಾಗಿ ಇರಲಿಲ್ಲ. ಸಕ್ಕರೆ, ಸಂಬಾರ ಪದಾರ್ಥ, ಹುಂಡಿಗಳ ರೂಪದಲ್ಲಿ ಅರ್ಧವನ್ನು ತುಂಬಿಸಿ, ಉಳಿದದ್ದನ್ನು ಮುಂದೆ ಕೊಡುವ ಮಾತು ಕೊಟ್ಟು ಮಗಳನ್ನು ಕಳಿಸಿದಳು. 1662ರ ಮೇ ತಿಂಗಳಲ್ಲಿ ಪೋರ್ಟ್ಸ್‌ಮತ್ ಬಂದರಿನಲ್ಲಿ ಮದುವೆ ನಡೆಯಿತು. ಕ್ಯಾಥೊಲಿಕ್ ವಿಧಿಯಂತೆ ಗುಟ್ಟಾಗಿ ಒಮ್ಮೆ, ಇಂಗ್ಲೆಂಡಿನ ಚರ್ಚಿನ ವಿಧಿಯಂತೆ ಬಹಿರಂಗವಾಗಿ ಇನ್ನೊಮ್ಮೆ. ವಧುವಿಗೆ ಇಂಗ್ಲಿಷ್ ಬಾರದು. ಗಂಡಹೆಂಡಿರು ಮಾತಾಡಿದ್ದು ಸ್ಪ್ಯಾನಿಷ್ ಭಾಷೆಯಲ್ಲಿ. ಯಾರ ಭಯದಿಂದ ಈ ಮದುವೆ ನಡೆಯಿತೋ ಆ ದೇಶದ ಭಾಷೆಯಲ್ಲಿ!

ಮುಂಬಯಿಯ ಹಸ್ತಾಂತರವೂ ಸುಸೂತ್ರವಾಗಲಿಲ್ಲ. ದ್ವೀಪವನ್ನು ವಶಕ್ಕೆ ಪಡೆಯಲು ಸರ್ ಅಬ್ರಹಾಂ ಶಿಪ್‌ಮನ್ ಎಂಬಾತ ನಾನೂರಕ್ಕೂ ಹೆಚ್ಚು ಸೈನಿಕರೊಡನೆ 1662ರಲ್ಲಿ ಬಂದ. ಪತ್ರಗಳು ಸರಿಯಿಲ್ಲ, ಮುಂಬಯಿ ಎಂದರೆ ಎಷ್ಟು ನೆಲವೆಂಬುದು ಸ್ಪಷ್ಟವಿಲ್ಲ ಎಂದು ಪೋರ್ಚುಗೀಸ್ ಅಧಿಕಾರಿಗಳು ಬಿಟ್ಟುಕೊಡಲೊಪ್ಪಲಿಲ್ಲ. ಇಂಗ್ಲಿಷರು ಮುಂಬಯಿಯಲ್ಲಿ ನೆಲೆಯೂರಿದ ದಿನವೇ ಭಾರತ ಕೈತಪ್ಪಿದಂತೆ ಎಂದು ಗೋವೆಯ ಅಧಿಪತಿ ತನ್ನ ದೊರೆಗೆ ಬರೆದ. ಇತ್ತ ಬೇರೆ ನೆಲೆ ಸಿಗದ ಸೈನಿಕರು ನಮ್ಮ ಕಾರವಾರದ ಸಮೀಪದ ಅಂಜದೀವ ದ್ವೀಪದಲ್ಲಿ ತಂಗಿದರು. ಅಲ್ಲಿನ ಮಳೆ, ಜ್ವರ, ಅರೆಹೊಟ್ಟೆ ಅವರನ್ನು ಒಬ್ಬೊಬ್ಬರಾಗಿ ಬಲಿ ತೆಗೆದುಕೊಂಡವು. 1664ರಲ್ಲಿ ಶಿಪ್‌ಮನ್ನನೂ ಅಲ್ಲೇ ಸತ್ತ. 1665ರ ಫೆಬ್ರವರಿಯಲ್ಲಿ ಮುಂಬಯಿಯ ಮಣ್ಣು ಮೆಟ್ಟಿದಾಗ ಉಳಿದಿದ್ದವರು ನೂರರ ಆಸುಪಾಸು. ಇಷ್ಟೆಲ್ಲ ಆದಮೇಲೆ ಚಾರ್ಲ್ಸ್ 1668ರಲ್ಲಿ ಆ ದ್ವೀಪವನ್ನು ವರ್ಷಕ್ಕೆ ಹತ್ತು ಪೌಂಡಿನ ಬಾಡಿಗೆಗೆ ಈಸ್ಟ್ ಇಂಡಿಯಾ ಕಂಪನಿಗೆ ಒಪ್ಪಿಸಿಬಿಟ್ಟ. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರದ ಕಡೆಯ ಕನ್ನಡಿಗರು ಮುಂದೆ ಬಹುಕಾಲ ಮುಂಬಯಿ ಸರಕಾರದ ಪ್ರಜೆಗಳಾಗಿದ್ದುದರ ಬೇರು ಈ ಮದುವೆಯವರೆಗೆ ಹೋಗುತ್ತದೆ.

ಅತ್ತ ಅರಮನೆಯಲ್ಲಿ ಕ್ಯಾಥರೀನಳಿಗೆ ಬೇರೆಯೇ ಯುದ್ಧ ಕಾದಿತ್ತು. ರಾಜನ ಪ್ರೇಯಸಿ ಬಾರ್ಬರಾಳನ್ನು ರಾಣಿಯ ಅಂತಃಪುರದ ಸಖಿಯಾಗಿ ನೇಮಿಸಬೇಕೆಂದು ಚಾರ್ಲ್ಸ್ ಹಟ ಹಿಡಿದ. ಆಕೆಯನ್ನು ಎದುರಿಗೆ ತಂದು ಪರಿಚಯಿಸಿದಾಗ ರಾಣಿಯ ಮೂಗಿನಿಂದ ರಕ್ತ ಸುರಿದು, ಪ್ರಜ್ಞೆ ತಪ್ಪಿತು. ತವರಿಗೆ ಮರಳುತ್ತೇನೆಂದು ಆಕೆ ಪ್ರತಿಭಟಿಸಿದಳು. ಉತ್ತರವಾಗಿ ಅವಳ ಜೊತೆಗೆ ಬಂದಿದ್ದ ಪೋರ್ಚುಗೀಸ್ ಪರಿವಾರದ ಹೆಚ್ಚಿನವರನ್ನೇ ವಾಪಸು ಕಳಿಸಲಾಯಿತು. ತವರಿನಲ್ಲೂ ಆ ಜೂನ್‌ನಲ್ಲಿ ತಾಯಿಯ ಕೈಯಿಂದ ಅಧಿಕಾರ ಜಾರಿತ್ತು. ಹೋಗಲು ಮನೆಯಿಲ್ಲ, ಹೋದರೆ ದೇಶಕ್ಕೆ ಸಿಗಬೇಕಾದ ಸೈನ್ಯವಿಲ್ಲ. ಕೊನೆಗೆ ಆಕೆಯೇ ಸೋತು ತಲೆಬಾಗಿದಳು.

ಮಕ್ಕಳಾಗಲಿಲ್ಲ ಎಂಬುದು ದೊಡ್ಡ ಕೊರಗಾಯಿತು. ಗರ್ಭ ನಿಂತರೂ ಉಳಿಯಲಿಲ್ಲ. 1663ರಲ್ಲಿ ಸಾವಿನಂಚಿಗೆ ಹೋದಾಗ ಜ್ವರದ ಕನವರಿಕೆಯಲ್ಲಿ ತನಗೆ ಮಕ್ಕಳಾಗಿವೆಯೆಂದು ಹಲುಬಿದಳು. ಬೇರೆ ಹೆಂಗಸರಲ್ಲಿ ರಾಜನಿಗೆ ಹನ್ನೆರಡಕ್ಕೂ ಹೆಚ್ಚು ಮಕ್ಕಳು. ರಾಣಿಯನ್ನು ಬಿಟ್ಟು ಇನ್ನೊಂದು ಮದುವೆಯಾಗೆಂದು ಹಲವರು ಒತ್ತಾಯಿಸಿದರೂ ಚಾರ್ಲ್ಸ್ ಒಪ್ಪಲಿಲ್ಲ. ಅವನ ನಡತೆಯಲ್ಲಿ ಮೆಚ್ಚತಕ್ಕ ಅಂಶವೆಂದರೆ ಇದೊಂದೇ.

1678ರಲ್ಲಿ ಟೈಟಸ್ ಓಟ್ಸ್ ಎಂಬ ಮೋಸಗಾರ ಕ್ಯಾಥೊಲಿಕರು ರಾಜನನ್ನು ಕೊಲ್ಲಲು ಸಂಚು ಹೂಡಿದ್ದಾರೆಂದು ಪುಕಾರು ಎಬ್ಬಿಸಿದ. ರಾಣಿಯೇ ತನ್ನ ವೈದ್ಯನ ಮೂಲಕ ವಿಷ ಹಾಕಿಸಲಿದ್ದಾಳೆ ಎಂಬವರೆಗೂ ಮಾತು ಬೆಳೆಯಿತು. ಆಕೆಯನ್ನು ಅರಮನೆಯಿಂದ ಹೊರಗಟ್ಟಬೇಕೆಂದು ಪಾರ್ಲಿಮೆಂಟಿನ ಕೆಳಮನೆ ನಿರ್ಣಯ ಮಾಡಿತು. ಹಲವು ನಿರಪರಾಧಿಗಳು ಗಲ್ಲಿಗೇರಿದರು. ಚಾರ್ಲ್ಸ್ ಹೆಂಡತಿಯ ಪರ ನಿಂತ. ಮರುವರ್ಷ ವೈದ್ಯ ನಿರ್ದೋಷಿಯೆಂದು ಬಿಡುಗಡೆಯಾದ. 1685ರಲ್ಲಿ ಮರಣಶಯ್ಯೆಯಲ್ಲಿದ್ದ ಗಂಡನಿಗೆ ಕ್ಯಾಥರೀನ್ ತನ್ನ ತಪ್ಪುಗಳನ್ನು ಮನ್ನಿಸಬೇಕೆಂದು ಹೇಳಿಕಳಿಸಿದಾಗ, ಕ್ಷಮೆ ಕೇಳಬೇಕಾದವನು ತಾನು ಎಂದು ಅವನು ಉತ್ತರಿಸಿದನಂತೆ. ಆ ಮಾತು ಬರಲು ಇಪ್ಪತ್ತಮೂರು ವರ್ಷ ಹಿಡಿಯಿತು.

ಇಂಗ್ಲೆಂಡಿನ ಅರಮನೆಯಲ್ಲಿ ಚಹಾ ಕುಡಿಯುವ ರೂಢಿಗೆ ಮೆರುಗು ಬಂದದ್ದು ಈಕೆಯಿಂದ ಎನ್ನುತ್ತಾರೆ. ಲಂಡನ್ನಿನಲ್ಲಿ ಚಹಾ ಮೊದಲೇ ಮಾರಾಟಕ್ಕಿತ್ತು. ರಾಣಿ ಕುಡಿದದ್ದರಿಂದ ಅದು ದೊಡ್ಡವರ ಪಾನೀಯವಾಯಿತು. ಆಕೆಯನ್ನು ನೆನೆಯುವವರು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸುತ್ತಾರೆ. ಆದರೆ ಕಥೆ ಮುಗಿಯುವುದು ಲಿಸ್ಬನ್ನಿನಲ್ಲಿ.

1692ರಲ್ಲಿ ಇಂಗ್ಲೆಂಡನ್ನು ಬಿಟ್ಟ ಕ್ಯಾಥರೀನ್ ಮರುವರ್ಷ ತವರು ಸೇರಿದಳು. ಆಕೆಯ ಮದುವೆಯ ಬೆಲೆಯಾಗಿ ಬಂದ ಇಂಗ್ಲಿಷ್ ಸೈನಿಕರು ಸೆಣಸಿದ ಯುದ್ಧದ ಫಲವಾಗಿ ಸ್ಪೇನ್ 1668ರಲ್ಲೇ ಪೋರ್ಚುಗಲ್ಲಿನ ಸ್ವಾತಂತ್ರ್ಯವನ್ನು ಒಪ್ಪಿಕೊಂಡಿತ್ತು. 1704ರಲ್ಲಿ ಮತ್ತೆ ಸ್ಪೇನಿನೊಡನೆ ಯುದ್ಧ. ತಮ್ಮ ಎರಡನೇ ಪೆಡ್ರೊ ರಣರಂಗಕ್ಕೆ ಹೋದಾಗ, ಮರುವರ್ಷ ಕಾಯಿಲೆ ಬಿದ್ದಾಗ, ರಾಜ್ಯಭಾರವನ್ನು ಅಕ್ಕನಿಗೇ ವಹಿಸಿದ. ಅರವತ್ತೈದು ದಾಟಿದ್ದ ಆ ವಿಧವೆ, ಹಿಂದೆ ತಾಯಿ ಕುಳಿತಿದ್ದ ಜಾಗದಲ್ಲಿ ಕುಳಿತು, ತಾಯಿಯ ಕಾಲದ ಅದೇ ಶತ್ರುವಿನ ವಿರುದ್ಧ ದೇಶವನ್ನು ನಡೆಸಿದಳು. ಆಕೆಯ ಆಡಳಿತದಲ್ಲಿ ಪೋರ್ಚುಗಲ್ಲಿನ ಸೈನ್ಯ ಗೆಲುವುಗಳನ್ನೂ ಕಂಡಿತು.

1705ರ ಡಿಸೆಂಬರ್ 31ರಂದು ಕ್ಯಾಥರೀನ್ ಲಿಸ್ಬನ್ನಿನಲ್ಲಿ ಕಣ್ಣುಮುಚ್ಚಿದಳು. ಒಪ್ಪಂದದಲ್ಲಿ ಆಕೆಯ ಹೆಸರು ಬಂದರು, ದ್ವೀಪ, ಸಕ್ಕರೆಮೂಟೆಗಳ ಸಾಲಿನಲ್ಲಿತ್ತು. ದೇಶ ಆಳಬಲ್ಲವಳೆಂದು ಆಗ ಯಾರೂ ಎಣಿಸಿರಲಿಲ್ಲ. ಬಳುವಳಿಯಾಗಿ ಕೊಟ್ಟ ತಾಂಜೀರನ್ನು ಇಂಗ್ಲಿಷರು 1684ರಲ್ಲಿ ತಾವಾಗಿಯೇ ತೊರೆದಿದ್ದರು. ಮುಂಬಯಿ ಮಾತ್ರ ಬೆಳೆಯುತ್ತಲೇ ಹೋಯಿತು. ಆ ಊರನ್ನು ಆಕೆ ಒಮ್ಮೆಯೂ ಕಾಣಲಿಲ್ಲ.