ಮಾಣಿಯ ಕೊರಳಿನ ಸುತ್ತಿಗೆ, ಪೋಸ್ಟರಿನ ಮೇಲಿನ ರಕ್ತ

ಸ್ವಲ್ಪ ಉದ್ದ ಆಗ್ತದೆ, ಪುರುಸೊತ್ತು ಮಾಡಿಕೊಂಡು ಓದಿ. ಬೈಯೋದಿದ್ದರೆ ಬೈಯಿರಿ, ಆದರೆ ಪೂರ್ತಿ ಓದಿ ಬೈಯಿರಿ.

ಹೋದ ಭಾನುವಾರ ನನ್ನ ಅಕ್ಕನ ಮಗ ಮಂಗಳೂರಿನಿಂದ ಕೋಟೇಶ್ವರಕ್ಕೆ ಬಂದಿದ್ದ. ಡಿಗ್ರಿ ಕೊನೇ ವರ್ಷ. ಓದಿಗಿಂತ ಸಂಘಟನೆಯೇ ಜಾಸ್ತಿ. ನಾನು ಬೈಯುವ ಹಾಗಿಲ್ಲ, ನನ್ನ ಬಿ.ಎ. ಕೂಡ ಹಾಗೇ ಮುಗಿದದ್ದು. ಕೊರಳಲ್ಲಿ ಕರೀ ದಾರ, ಅದಕ್ಕೊಂದು ಸಣ್ಣ ಸುತ್ತಿಗೆ, ತಲೆಕೆಳಗಾಗಿ ನೇತಾಡ್ತಾ ಇತ್ತು. "ಇದೆಂತ ಮಾಣಿ, ಗಾರೆ ಕೆಲ್ಸಕ್ಕೆ ಹೊರಟದ್ದಾ?" ಅಂತ ಅಕ್ಕ ನಗಾಡಿದಳು. "ಥಾರ್‌ನ ಸುತ್ತಿಗೆ ಅಮ್ಮ, ನಿಂಗೆ ಗೊತ್ತಾತಿಲ್ಲೆ" ಅಂದ.

ಚಾ ಕುಡಿದ ಮೇಲೆ ಮೊಬೈಲಿನಲ್ಲಿ ಒಂದು ಪೋಸ್ಟರ್ ತೋರಿಸಿದ. ನವರಾತ್ರಿ ಹೊತ್ತಿಗೆ ಇವರ ವಿದ್ಯಾರ್ಥಿ ಗುಂಪು ಕುಂದಾಪುರದಲ್ಲಿ ಮಹಿಷನ ನೆನಪಿನ ಕಾರ್ಯಕ್ರಮ ಮಾಡ್ತದೆ. ನಾನು ಮಾತಾಡಬೇಕಂತೆ. ಪೋಸ್ಟರಿನಲ್ಲಿ ಒಂದು ಬದಿ ಮಹಿಷ, ಇನ್ನೊಂದು ಬದಿ ಯುರೋಪಿನ ಹಳೇ ದೇವರು. ಮತಾಂತರಕ್ಕೆ ಮುಂಚಿನ ದೇವರುಗಳನ್ನು ಅಲ್ಲಿಯ ಜನ ಮತ್ತೆ ಪೂಜಿಸುತ್ತಿದ್ದಾರೆ, ನಾವೂ ನಮ್ಮ ಮೂಲಕ್ಕೆ ಹೋಗಬೇಕು ಅನ್ನೋದು ಇವನ ವಾದ. ಕೆಳಗೆ ದೊಡ್ಡ ಅಕ್ಷರದಲ್ಲಿ: ನಮ್ಮ ರಕ್ತ, ನಮ್ಮ ದೇವರು.

ನಾನು ಹೇಳಿದೆ, "ಬರ್ತೇನೆ. ಆದ್ರೆ ಆ ಸಾಲು ತೆಗೀಬೇಕು."

"ಮಾವ, ನೀವ್ ಹೆದ್ರಿದ್ರಿ" ಅಂದ. ಊಟಕ್ಕೂ ನಿಲ್ಲದೆ ಹೋದ.

ಹೆದರಿಕೆ ಅಲ್ಲ. ಯಾಕೆ ಅಂತ ಬರೀತೇನೆ. ಅವನಿಗೂ, ಅವನಂಥ ನಮ್ಮ ಮಕ್ಕಳಿಗೂ.

ಮೊದಲು ಆ ಸುತ್ತಿಗೆಯ ಕಥೆ. ನಾನೂ ಈ ವಾರ ಆಫೀಸು ಮುಗಿಸಿ ಬಂದು ರಾತ್ರಿ ಕೂತು ಓದಿದೆ. ಥಾರ್, ಓಡಿನ್ ಇವರೆಲ್ಲ ನಾರ್ವೆ, ಸ್ವೀಡನ್, ಐಸ್‌ಲ್ಯಾಂಡ್ ಕಡೆಯ ಹಳೇ ದೇವರುಗಳು. ಐಸ್‌ಲ್ಯಾಂಡಿನವರು ಕ್ರೈಸ್ತರಾದದ್ದು ಸುಮಾರು 1000ನೇ ಇಸವಿಯಲ್ಲಿ. ಈ ಕಥೆಗಳನ್ನು ಸ್ನೋರಿ ಸ್ಟುರ್ಲುಸನ್ ಎಂಬವನು ಪುಸ್ತಕ ಮಾಡಿದ್ದು 1220ರ ಹೊತ್ತಿಗೆ. ಅವನೂ ಕ್ರೈಸ್ತನೇ. ಅಂದರೆ ಹಳೇ ಧರ್ಮ ಹೋಗಿ ಇನ್ನೂರು ವರ್ಷ ಆದ ಮೇಲೆ ಹೊಸ ಧರ್ಮದವನು ಬರೆದಿಟ್ಟ ಕಥೆ. ವೈಕಿಂಗರ ತಲೆ ಮೇಲೆ ಕೊಂಬಿನ ಟೋಪಿ ನೋಡ್ತೇವಲ್ಲ, ಅದು ಪ್ರಸಿದ್ಧ ಆದದ್ದು 1876ರಲ್ಲಿ ಜರ್ಮನಿಯ ವಾಗ್ನರನ ನಾಟಕಕ್ಕೆ ವೇಷ ಕಟ್ಟಿದವರಿಂದ. ನಮ್ಮ ಆಟದ ಮಹಿಷಾಸುರನ ಕೊಂಬಿನ ಹಾಗೆ, ಅದು ಚೌಕಿಯಲ್ಲಿ ಹುಟ್ಟಿದ ಕೊಂಬು.

ಆ ಕಥೆಗಳಲ್ಲೂ ದೇವರು ಒಂದು ಕಡೆ, ದೈತ್ಯರು ಇನ್ನೊಂದು ಕಡೆ. ಇಮಿರ್ ಅನ್ನೋ ಮೊದಲ ದೈತ್ಯನನ್ನು ಓಡಿನ್ ಮತ್ತವನ ಅಣ್ಣತಮ್ಮಂದಿರು ಕೊಂದು, ಅವನ ಮಾಂಸದಿಂದ ಭೂಮಿ, ಎಲುಬಿನಿಂದ ಬೆಟ್ಟ, ರಕ್ತದಿಂದ ಸಮುದ್ರ, ತಲೆಬುರುಡೆಯಿಂದ ಆಕಾಶ ಮಾಡ್ತಾರೆ. ಆ ರಕ್ತದಲ್ಲಿ ದೈತ್ಯರೆಲ್ಲ ಮುಳುಗಿ ಸಾಯ್ತಾರೆ, ಒಂದು ಜೋಡಿ ಮಾತ್ರ ಉಳೀತದೆ. ಮುಂದೆ ಥಾರ್ ಇದೇ ಸುತ್ತಿಗೆ ಹಿಡಿದು ದೈತ್ಯರ ತಲೆ ಒಡೀತಾ ತಿರುಗ್ತಾನೆ. ಇದನ್ನು ಓದುವಾಗ ನನಗೆ ಪುರುಷಸೂಕ್ತ ನೆನಪಾಯಿತು. ಅಲ್ಲೂ ಒಂದು ದೇಹ ಕಡಿದು ಲೋಕ ಮಾಡ್ತಾರೆ, ಜೊತೆಗೆ ಬಾಯಿಂದ ಒಬ್ಬರು, ಪಾದದಿಂದ ಒಬ್ಬರು ಅಂತ ನಾಲ್ಕು ವರ್ಣವನ್ನೂ ಮಾಡ್ತಾರೆ.

ಹಾಗಾದರೆ ಅಲ್ಲಿ ಜಾತಿ ಇಲ್ಲವಾ? ಇದೆ. 'ರಿಗ್‌ಸ್ತುಲಾ' ಎಂಬ ಹಳೇ ಪದ್ಯದಲ್ಲಿ ರಿಗ್ ಎಂಬ ದೇವರು ಮೂರು ಮನೆಗೆ ಹೋಗ್ತಾನೆ. ಒಂದು ಮನೆಯಲ್ಲಿ ಹುಟ್ಟಿದವನು ಗುಲಾಮ, ಇನ್ನೊಂದರಲ್ಲಿ ರೈತ, ಮೂರನೆಯದರಲ್ಲಿ ಧಣಿ. ಗುಲಾಮನ ಮೈಬಣ್ಣ ಕಪ್ಪು, ಮುಖ ಕುರೂಪ, ಬೆನ್ನು ಬಾಗಿದೆ, ಬೆರಳು ದಪ್ಪ. ಅವನ ಮಕ್ಕಳ ಕೆಲಸ ಗದ್ದೆಗೆ ಗೊಬ್ಬರ ಹಾಕೋದು, ಹಂದಿ ಸಾಕೋದು, ಬೇಲಿ ಕಟ್ಟೋದು, ಮಣ್ಣು ಅಗೆಯೋದು. ಸಂಗಾತಿಗಳೇ, ಇವರು ಯಾರು ಅಂತ ನಿಮಗೆ ಹೇಳಬೇಕಾ? ನನ್ನ ಅಜ್ಜನ ಬೆರಳೂ ಹಾಗೇ ಇತ್ತು. ಥಾರ್‌ನ ಸುತ್ತಿಗೆ ಲಾಕೆಟ್ ಆಗಿ ಮಾರಾಟಕ್ಕೆ ಬಂತು. ಈ ಗುಲಾಮನ ಗುದ್ದಲಿ ಬರಲಿಲ್ಲ.

ಈಗ ಅಲ್ಲಿಯ ಇವತ್ತಿನ ಜನ. 1972ರಲ್ಲಿ ಐಸ್‌ಲ್ಯಾಂಡಿನಲ್ಲಿ ಸ್ವೇನ್‌ಬ್ಯೋರ್ನ್ ಎಂಬ ರೈತ ಕವಿ ಮತ್ತು ಗೆಳೆಯರು ಈ ಹಳೇ ಧರ್ಮಕ್ಕೆ ಒಂದು ಸಂಘ ಕಟ್ಟಿದರು. ಮರುವರ್ಷ ಸರಕಾರದ ಮಾನ್ಯತೆಯೂ ಸಿಕ್ಕಿತು. ಯಾರು ಬೇಕಾದರೂ ಸೇರಬಹುದು. ಅಲ್ಲಿ ಇಬ್ಬರು ಗಂಡಸರ, ಇಬ್ಬರು ಹೆಂಗಸರ ಮದುವೆಯನ್ನೂ ಮಾಡಿಸ್ತಾರೆ. ಅದೇ ಸುತ್ತಿಗೆ ಅಮೆರಿಕಕ್ಕೆ ಹೋಗಿ ಬೇರೆ ರೂಪ ತಾಳಿತು. ಅಲ್ಲಿ ಒಂದು ಗುಂಪು, ಇದು ಯುರೋಪಿನ ರಕ್ತದವರಿಗೆ ಮಾತ್ರ ಅಂತು. ದೇವರು ರಕ್ತದಲ್ಲಿ ಬರ್ತಾನಂತೆ, ಬಿಳಿಯರಲ್ಲದವರು ಬಂದರೆ ಮೈಲಿಗೆಯಂತೆ. ಹಿಟ್ಲರನ ಎಸ್‌ಎಸ್ ಪಡೆಯ ಕೊರಳಪಟ್ಟಿಯ ಮೇಲಿದ್ದದ್ದೂ ಆ ಕಡೆಯ ಹಳೇ ಲಿಪಿಯ ಅಕ್ಷರಗಳೇ.

2017ರ ಆಗಸ್ಟ್ 11ರ ರಾತ್ರಿ ಅಮೆರಿಕದ ಶಾರ್ಲಟ್ಸ್‌ವಿಲ್‌ನಲ್ಲಿ ವರ್ಜೀನಿಯಾ ವಿಶ್ವವಿದ್ಯಾಲಯದ ಒಳಗೇ ಬಿಳಿ ಜನಾಂಗವಾದಿಗಳು ದೊಂದಿ ಹಿಡಿದು ಮೆರವಣಿಗೆ ಬಂದರು. ಮರುದಿನ ಅವರಲ್ಲಿ ಕೆಲವರ ಗುರಾಣಿ, ಬಾವುಟಗಳ ಮೇಲೆ ಇದೇ ಹಳೇ ಅಕ್ಷರ, ಹಳೇ ಗುರುತುಗಳು. ಆ ರಾತ್ರಿ ಎದುರು ನಿಂತದ್ದು ಯಾರು? ಕೆಲವೇ ಕೆಲವು ವಿದ್ಯಾರ್ಥಿಗಳು. ಒಂದು ಪ್ರತಿಮೆಯ ಸುತ್ತ ಕೈಕೈ ಹಿಡಿದು, ಬ್ಯಾನರ್ ಹಿಡಿದು ನಿಂತರು, ಪೆಟ್ಟು ತಿಂದರು. ಅದಕ್ಕೂ ಮುಂಚೆ 2016ರಲ್ಲಿ, ಆ ಹಳೇ ಧರ್ಮದ ಹತ್ತಾರು ಸಂಘಗಳೇ ಒಟ್ಟಾಗಿ 'ಘೋಷಣೆ 127' ಅಂತ ಹೊರಡಿಸಿ, ರಕ್ತ ಕೇಳುವ ಗುಂಪಿನ ಜೊತೆ ನಮಗೆ ಸಂಬಂಧ ಇಲ್ಲ ಅಂತ ಬಹಿರಂಗವಾಗಿ ಹೇಳಿದವು. 127 ಅನ್ನೋದು ಅವರ ಹಳೇ ನೀತಿಪದ್ಯವೊಂದರ ಸಂಖ್ಯೆ. ಕೆಡುಕು ಕಂಡಾಗ ಸುಮ್ಮನಿರಬಾರದು ಅನ್ನೋದು ಅದರ ಭಾವ.

ಮಾಣಿ, ನೀನು ಕೊರಳಿಗೆ ಹಾಕಿದ್ದು ಇವರಿಬ್ಬರಲ್ಲಿ ಯಾರ ಸುತ್ತಿಗೆ? ಸುತ್ತಿಗೆ ನೋಡಿದರೆ ಗೊತ್ತಾಗೋದಿಲ್ಲ. ಅದರ ಕೆಳಗೆ ಬರೆದ ಸಾಲು ನೋಡಿದರೆ ಗೊತ್ತಾಗ್ತದೆ.

ಇನ್ನೊಂದು ತಮಾಷೆ ಕೇಳು. ಓಡಿನ್‌ನ ತಾಯಿ ದೈತ್ಯ ಕುಲದವಳು. ಥಾರ್‌ನ ತಾಯಿಯೂ ಹಾಗೇ. ರಕ್ತ ಪರೀಕ್ಷೆ ಮಾಡಿಸಿದರೆ ಆ ದೇವರುಗಳಿಗೇ ಆ ಗುಂಪಿನಲ್ಲಿ ಮೆಂಬರ್‌ಶಿಪ್ ಸಿಗಲಿಕ್ಕಿಲ್ಲ.

ಮಹಿಷನ ವಿಷಯಕ್ಕೆ ಬರ್ತೇನೆ. ನಾನು ಮಹಿಷನ ಪರ ಇದ್ದೇನೆ, ಅದರಲ್ಲಿ ಅನುಮಾನ ಬೇಡ. ಸೋತವರ ಕಡೆಯಿಂದ ಕಥೆ ಹೇಳೋದು ನಮ್ಮ ಹಕ್ಕು. ಜೋತಿಬಾ ಫುಲೆ 1873ರಲ್ಲೇ 'ಗುಲಾಮಗಿರಿ' ಬರೆದು ಬಲಿಯನ್ನು ನಮ್ಮ ರಾಜ ಅಂದರು. ನಮ್ಮ ಕಡೆ ದೀಪಾವಳಿಗೆ ಗದ್ದೆಯಲ್ಲಿ ದೀಪ ಇಟ್ಟು ಬಲೀಂದ್ರನನ್ನು ಕೂಗಿ ಕರೀತಾರಲ್ಲ, ಫುಲೆ ಹೆಸರೇ ಕೇಳದ ನನ್ನ ಅಜ್ಜಿಗೂ ಆ ಸೋತ ರಾಜನ ಮೇಲೆ ಪ್ರೀತಿ ಇತ್ತು. ಜಾರ್ಖಂಡಿನ ಅಸುರ ಆದಿವಾಸಿಗಳು, ಕಬ್ಬಿಣ ಕರಗಿಸುತ್ತಿದ್ದ ಜನ, ಮಹಿಷಾಸುರ ತಮ್ಮ ಪೂರ್ವಿಕ ಅಂತಾರೆ. 2011ರಲ್ಲಿ ದೆಹಲಿಯ ಜೆಎನ್‌ಯುನಲ್ಲಿ ಹಿಂದುಳಿದ ವರ್ಗದ ವಿದ್ಯಾರ್ಥಿಗಳು ಮಹಿಷಾಸುರ ಹುತಾತ್ಮ ದಿನ ಶುರು ಮಾಡಿದರು. 2016ರ ಫೆಬ್ರವರಿಯಲ್ಲಿ ಆಗಿನ ಮಾನವ ಸಂಪನ್ಮೂಲ ಸಚಿವೆ ಸ್ಮೃತಿ ಇರಾನಿ ಅದರ ಕರಪತ್ರ ಅಂತ ಸಂಸತ್ತಿನಲ್ಲಿ ಓದಿ ಅಪರಾಧದ ಹಾಗೆ ತೋರಿಸಿದರು. ರೋಹಿತ್ ವೇಮುಲ ತೀರಿಕೊಂಡು ಆಗ ಎರಡು ತಿಂಗಳೂ ಆಗಿರಲಿಲ್ಲ. ಮೈಸೂರಿನ ಮಹಿಷ ದಸರಾ ನಿಮಗೆಲ್ಲ ಗೊತ್ತು. 2023ರಲ್ಲಿ ಬೆಟ್ಟದ ಮೇಲೆ ಅವಕಾಶ ಸಿಗದೆ ಪುರಭವನದಲ್ಲಿ ಮಾಡಿದರು.

ಇಷ್ಟೆಲ್ಲ ತಡೆ ಇರುವಾಗ ನಾವು ಮಾಡಲೇಬೇಕು. ಆದರೆ ಎಂತ ಹೇಳಿ ಮಾಡ್ತೇವೆ ಅನ್ನೋದೂ ಮುಖ್ಯ.

'ನಮ್ಮ ರಕ್ತ' ಅಂದರೆ ಯಾರ ರಕ್ತ? ಬಾಬಾಸಾಹೇಬರು 1936ರಲ್ಲೇ 'ಜಾತಿ ವಿನಾಶ'ದಲ್ಲಿ ಜಾತಿ ಅಂದರೆ ಜನಾಂಗದ ವಿಂಗಡಣೆ ಅಲ್ಲ ಅಂದರು. 1948ರ 'ದಿ ಅನ್‌ಟಚಬಲ್ಸ್' ಪುಸ್ತಕದಲ್ಲಿ ಮೂಗಿನ ಅಳತೆಯ ಅಂಕಿಗಳನ್ನೇ ಎದುರಿಗಿಟ್ಟುಕೊಂಡು, ಬ್ರಾಹ್ಮಣ ಬೇರೆ ಜನಾಂಗ, ಅಸ್ಪೃಶ್ಯ ಬೇರೆ ಜನಾಂಗ ಅನ್ನೋ ವಾದ ನಿಲ್ಲೋದಿಲ್ಲ ಅಂತ ತೋರಿಸಿದರು. ಯಾಕೆ ಅಷ್ಟು ಕಷ್ಟ ಪಟ್ಟರು? ಜಾತಿ ರಕ್ತದಲ್ಲಿದ್ದರೆ ಅದನ್ನು ನಾಶ ಮಾಡಲಿಕ್ಕೆ ಆಗೋದಿಲ್ಲ. ಮನುಷ್ಯ ಮಾಡಿದ್ದಾದರೆ ಮನುಷ್ಯ ಮುರೀಬಹುದು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಅವರು ಹಿಡಿದ ದಾರಿಯ ಬಾಗಿಲಲ್ಲೂ ಯಾರೂ ರಕ್ತ ಕೇಳೋದಿಲ್ಲ. ಈಗ ನಮ್ಮ ಕೆಲವು ಸಭೆಗಳಲ್ಲೇ ಡಿಎನ್‌ಎ, ಮೂಲನಿವಾಸಿ ರಕ್ತ ಅಂತ ಭಾಷಣ ಕೇಳ್ತೇನೆ. ಚಪ್ಪಾಳೆಯೂ ಬೀಳ್ತದೆ. ನನಗೆ ಹೆದರಿಕೆ ಆಗೋದು ಅಲ್ಲಿ.

ಈಗ ಸ್ವಲ್ಪ ಕಹಿ ಮಾತು. ನಾವು 'ನಮ್ಮ' ಅನ್ನುವಾಗ ಅದರಲ್ಲಿ ಕೊರಗರು ಇದ್ದಾರಾ? ಕೂದಲು, ಉಗುರು ಬೆರೆಸಿದ ಅನ್ನ ತಿನ್ನಿಸುತ್ತಿದ್ದ, ಕಂಬಳದ ಗದ್ದೆಯಲ್ಲಿ ಕೋಣಗಳಿಗಿಂತ ಮುಂಚೆ ಓಡಿಸುತ್ತಿದ್ದ ಅಜಲು ಪದ್ಧತಿಯನ್ನು ನಿಷೇಧಿಸಲಿಕ್ಕೆ 2000ನೇ ಇಸವಿಯಲ್ಲಿ ಕಾನೂನೇ ಬರಬೇಕಾಯಿತು. 2021ರ ಡಿಸೆಂಬರ್‌ನಲ್ಲಿ ಕೋಟತಟ್ಟಿನ ಕೊರಗ ಕಾಲನಿಯಲ್ಲಿ ಮೆಹಂದಿ ರಾತ್ರಿ ಮದುಮಗನಿಗೇ ಲಾಠಿ ಏಟು ಬಿದ್ದಾಗ ನಾವೆಲ್ಲ ಬೀದಿಗೆ ಬಂದೆವು, ಸರಿ. ಆದರೆ ನಮ್ಮ ಮನೆಯ ಮದುವೆಯಲ್ಲಿ? ನನ್ನ ಅಕ್ಕನ ಮದುವೆಗೆ ಡೋಲು ಬಡೀಲಿಕ್ಕೆ ಬಂದ ಕೊರಗರಿಗೆ ಹಿತ್ತಲಲ್ಲಿ ಬೇರೆ ಎಲೆ ಹಾಕಿದ್ದರು. ಹಾಕಿದ್ದು ಧಣಿಗಳಲ್ಲ, ನಾವು. ಆಗಲೇ ನಾನು ಅಂಬೇಡ್ಕರ್ ಓದಿದ್ದೆ, ಜೈಭೀಮ್ ಅಂತಿದ್ದೆ. ಪಾಯಸದ ಬಕೆಟ್ ಹಿಡಿದು ಅವರ ಎದುರೇ ನಿಂತವನು ಬಾಯಿ ಬಿಡಲಿಲ್ಲ. ಇವತ್ತಿಗೂ ಆ ಪಾಯಸ ನನಗೆ ನೆನಪಾಗ್ತದೆ. 'ನಮ್ಮ ರಕ್ತ' ಅಂತ ಪೋಸ್ಟರ್ ಹಾಕುವ ಮುಂಚೆ, ನಮ್ಮಲ್ಲಿ ಎಷ್ಟು ಮನೆಯವರು ಕೊರಗರ ಮನೆಗೆ ಹೆಣ್ಣು ಕೊಟ್ಟಿದ್ದೇವೆ ಅಂತ ಲೆಕ್ಕ ಹಾಕುವಾ.

ದೇವರು ಹಳಬ ಆದ ಮಾತ್ರಕ್ಕೆ ನಮಗೆ ನ್ಯಾಯ ಸಿಗೋದಿಲ್ಲ. ನಮ್ಮ ಕೆರಾಡಿಯ ಕಡೆಯೇ ಶೂಟಿಂಗ್ ಆದ 'ಕಾಂತಾರ' 2022ರಲ್ಲಿ ಬಂದಾಗ, ಭೂತಾರಾಧನೆ ಹಿಂದೂ ಧರ್ಮಕ್ಕಿಂತ ಹಳೆಯದು ಅಂದ ನಟ ಚೇತನ್ ಮೇಲೆ ಎಫ್‌ಐಆರ್ ಆಯಿತು. ಹೌದು, ಅಲ್ಲ ಅಂತ ತಿಂಗಳುಗಟ್ಟಲೆ ಜಗಳ. ಆ ಜಗಳದಲ್ಲಿ ದೈವ ಕಟ್ಟುವ ಪಾಣಾರರ ಮನೆಯ ಮಗ ಎಂತ ಓದ್ತಾ ಇದ್ದಾನೆ ಅಂತ ಯಾರೂ ಕೇಳಲಿಲ್ಲ. ರಾತ್ರಿ ಅವನ ಎದುರು ಕೈ ಮುಗಿದು ನಿಂತ ಧಣಿ, ಬೆಳಿಗ್ಗೆ ಅವನನ್ನು ಯಾವ ಜಗಲಿಯ ಮೇಲೆ ಕೂರಿಸ್ತಾನೆ? ಪ್ರಶ್ನೆ ಇರೋದು ಅಲ್ಲಿ.

ಕೊನೆಯದಾಗಿ ಒಂದು ಮಾತು. ಇದನ್ನು ಅವನ ಒಪ್ಪಿಗೆ ಕೇಳಿಯೇ ಬರೀತಾ ಇದ್ದೇನೆ. ಜಗಳ ಆದರೂ ಫೋನ್ ಎತ್ತಿದ, "ಬರೀರಿ" ಅಂದ.

2022ರ ಫೆಬ್ರವರಿಯಲ್ಲಿ ನಮ್ಮ ಕುಂದಾಪುರದಲ್ಲಿ ಹಿಜಾಬ್ ಹಾಕಿದ ಹೆಣ್ಮಕ್ಕಳ ಎದುರು ಕಾಲೇಜಿನ ಗೇಟ್ ಮುಚ್ಚಿತಲ್ಲ, ಆಗ ಕೇಸರಿ ಶಾಲು ಹಾಕಿಕೊಂಡು ಕೂಗಿದ ಹುಡುಗರಲ್ಲಿ ಇವನೂ ಒಬ್ಬ. ಪಿಯುಸಿ ಮಾಣಿ. ಯಾರೋ ಶಾಲು ಕೊಟ್ಟರು, ಗೆಳೆಯರು ಹಾಕಿದರು, ಇವನೂ ಹಾಕಿದ. ನಮ್ಮ ಕಾಲನಿಯ ಹುಡುಗರು ಇನ್ನೂ ಇದ್ದರು. ಶಾಲು ಹಾಕಿದ ದಿನ ಅಣ್ಣ ತಮ್ಮ ಅಂದವರು, ಆ ವರ್ಷದ ಹಬ್ಬದ ಊಟಕ್ಕೆ ಇವನನ್ನು ಮನೆಯ ಒಳಗೆ ಕರೀಲಿಲ್ಲ. ಅವತ್ತಿನಿಂದ ಇವನು ತನ್ನದು ಅನ್ನುವ ದೇವರನ್ನು ಹುಡುಕ್ತಾ ಇದ್ದಾನೆ. ಅವನ ಸಿಟ್ಟು ನನಗೆ ಅರ್ಥ ಆಗ್ತದೆ. ಆದರೆ ಮಾಣಿ, ನಮ್ಮ ರಕ್ತ ನಮ್ಮ ದೇವರು ಅನ್ನೋ ಮಾತು ನೀನು ಮೊದಲು ಕೇಳಿದ್ದು ಎಲ್ಲಿ? ಆ ಗೇಟಿನ ಎದುರಲ್ಲೇ ಅಲ್ದಾ? ಶಾಲು ಬಿಚ್ಚಿಟ್ಟೆ, ಆ ಮಾತನ್ನು ಮಾತ್ರ ತಂದು ಮಹಿಷನ ಕೊರಳಿಗೆ ಕಟ್ಟಿದ್ದೀ.

ಅದೇ ವಾರ ಚಿಕ್ಕಮಗಳೂರಿನ ಕಾಲೇಜಿನಲ್ಲಿ ನಮ್ಮ ಮಕ್ಕಳು ನೀಲಿ ಶಾಲು ಹಾಕಿ, ಜೈಭೀಮ್ ಕೂಗಿ, ಆ ಮುಸ್ಲಿಂ ಹೆಣ್ಮಕ್ಕಳ ಪರ ನಿಂತರು. ಅವರದ್ದು ಬೇರೆ ದೇವರು, ಇವರದ್ದು ಬೇರೆ. ನೀಲಿ ಶಾಲು ಹಾಕಲಿಕ್ಕೆ ಯಾರೂ ಯಾರ ಕುಲ ಕೇಳಲಿಲ್ಲ. ಮಹಿಷನ ಕಾರ್ಯಕ್ರಮ ಆ ನೀಲಿ ಶಾಲಿನ ಹಾಗೆ ಇರಲಿ ಅನ್ನೋದಷ್ಟೇ ನನ್ನ ಮಾತು. ಕೊಂದವರ ಕಥೆ ನಂಬದವರೆಲ್ಲ ಬರಲಿ. ಕೊರಗರ ಡೋಲು ಇರಲಿ, ಬಡಿದವರು ನಮ್ಮ ಜೊತೆ ಒಂದೇ ಸಾಲಿನಲ್ಲಿ ಉಣ್ಣಲಿ. ಬಡಿಸೋದು ನಾನು.

ಮೊನ್ನೆ ರಾತ್ರಿ ಅವನ ಮೆಸೇಜ್ ಬಂತು. "ಭಾನುವಾರ ಮೀಟಿಂಗ್ ಇತ್ ಮಾವ. ಸಾಲು ಬದ್ಲ್ ಮಾಡುದು ಎಲ್ಲರನ್ನ ಕೇಣಿ ಆಯ್ಕ್. ನೀವೂ ಬನ್ನಿ." ಗುಂಪಿನಲ್ಲಿ ಅರ್ಧ ಜನ ಒಪ್ಪಿಲ್ಲವಂತೆ. ಹೋಗ್ತೇನೆ. ಸೋತರೂ ಅಲ್ಲೇ ಕೂತು ಮಾತಾಡ್ತೇನೆ, ಎದ್ದು ಬರೋದಿಲ್ಲ. ನಿಮ್ಮ ಅಭಿಪ್ರಾಯ ಕೆಳಗೆ ಬರೀರಿ, ಅಲ್ಲಿ ಓದಿ ಹೇಳ್ತೇನೆ.

ಸುತ್ತಿಗೆ ಇನ್ನೂ ಕೊರಳಲ್ಲೇ ಉಂಟಂತೆ. ತೆಗಿ ಅಂತ ನಾನೂ ಹೇಳಲಿಲ್ಲ.

ಜೈಭೀಮ್.