ಸರಪಳಿ ಪ್ರಾರ್ಥನೆಯಲ್ಲ



2001ರ ಆಗಸ್ಟ್ 6ರಂದು ನಮ್ಮದೇ ತಮಿಳುನಾಡಿನ ಏರ್ವಾಡಿಯಲ್ಲಿ, ಮಾನಸಿಕ ರೋಗಿಗಳನ್ನು ಇಟ್ಟಿದ್ದ ಗುಡಿಸಲಿಗೆ ಬೆಂಕಿ ಬಿತ್ತು. 28 ಮಂದಿ ಸತ್ತರು. ಸರಪಳಿಯಲ್ಲಿ ಕಟ್ಟಿದ್ದರಿಂದ ಅವರಿಗೆ ಓಡಲಾಗಲಿಲ್ಲ. ಏರ್ವಾಡಿ ದರ್ಗಾದಲ್ಲಿ ವಾಸಿಯಾಗುತ್ತದೆಂದು ನಂಬಿ ಎಲ್ಲ ಧರ್ಮದವರೂ ರೋಗಿಗಳನ್ನು ಅಲ್ಲಿಗೆ ಕರೆದೊಯ್ಯುತ್ತಿದ್ದರು.

ಹಾಗಾಗಿ ‘ಅದು ಬೇರೆಯವರ ಕಥೆ’ ಎನ್ನಬೇಡಿ. ಮಗ ಒಬ್ಬನೇ ಮಾತಾಡತೊಡಗಿದರೆ ನಿಲಕ್ಕೋಟ್ಟೈಯ ನಾವೂ ಮೊದಲು ‘ದೆವ್ವ’ ಅನ್ನುತ್ತೇವೆ. ಆಸ್ಪತ್ರೆ ನೆನಪಾಗುವುದು ಕೊನೆಗೆ.

ಮಾರ್ಕನ ಶುಭಸಂದೇಶದ ಐದನೇ ಅಧ್ಯಾಯದಲ್ಲಿ ಯೇಸುಸ್ವಾಮಿ ದೆವ್ವ ಬಿಡಿಸಿದರಲ್ಲ ಎನ್ನುವಿರಾ? ಸರಿ. ಆದರೆ ಆ ಮನುಷ್ಯನಿಗೆ ಸರಪಳಿ ಹಾಕಿದ್ದು ಯಾರು? ಜನರು. ಸ್ವಾಮಿಯಾದರೋ ಅವನ ಹತ್ತಿರ ನಿಂತು ಮಾತಾಡಿದರು, ಅವನನ್ನು ಮನೆಯವರ ಬಳಿಗೇ ಕಳುಹಿಸಿದರು.

ಬಿ.ಎಸ್ಸಿ. ನರ್ಸಿಂಗ್‌ನಲ್ಲಿ ನಾನು ಕಲಿತದ್ದೂ ಇದೇ: ಮಾತ್ರೆ, ಜೊತೆಗೆ ಕೇಳಿಸಿಕೊಳ್ಳುವ ಕಿವಿ, ಕೈಗೊಂದು ಕೆಲಸ, ಮನೆಯವರ ಆಸರೆ. ಚಿಕಿತ್ಸೆ ಆಸ್ಪತ್ರೆಯಲ್ಲಿ ಶುರುವಾದರೂ ಗಟ್ಟಿಯಾಗುವುದು ಮನೆಯಲ್ಲಿ. ಸರಪಳಿ ಹಾಕುವುದನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೇ ನಿಷೇಧಿಸಿದೆ.

ಖಂಡಿತ ಪ್ರಾರ್ಥಿಸಿ. ಆದರೆ ದಿಂಡಿಗಲ್ ಸರ್ಕಾರಿ ಆಸ್ಪತ್ರೆಗೆ ಅವರ ಜೊತೆ ನೀವೂ ಬಸ್ಸು ಹತ್ತಿ. ದಾರಿ ತೋಚದಿದ್ದರೆ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ, ಉಚಿತ. ಮಾತ್ರೆ ನುಂಗುವುದು ವಿಶ್ವಾಸದ ಕೊರತೆಯಲ್ಲ. ರೋಗಿಯನ್ನು ಕಟ್ಟಿಹಾಕುವುದೇ ಪ್ರೀತಿಯ ಕೊರತೆ.